ಮುಂಗಡ ವಾರ್ತೆ: ಒಂದು ಪದ್ಧತಿಯ ಪೂರ್ವೋತ್ತರ

ವೃತ್ತಪತ್ರಿಕೆಯೆಂಬುದು ನಡೆದುಹೋದ ಸಂಗತಿಗಳನ್ನು ಮರುದಿನ ಜನರಿಗೆ ತಿಳಿಸುವ ಸಾಧನವೆಂದು ಲೋಕದಲ್ಲಿ ಸಾಮಾನ್ಯವಾದ ಒಂದು ಭಾವನೆಯುಂಟು. ಬೆಂಕಿ ಬಿದ್ದುದು, ಹೊಳೆ ಉಕ್ಕಿದುದು, ರೈಲು ಹಳಿ ತಪ್ಪಿದುದು, ಇಂಥ ಆಕಸ್ಮಿಕಗಳ ಮಟ್ಟಿಗೆ ಈ ಭಾವನೆ ಸರಿಯಾದುದೇ. ಆದರೆ ಯಾವುದಾದರೊಂದು ದಿನದ ಪತ್ರಿಕೆಯನ್ನು ಕೈಗೆತ್ತಿಕೊಂಡು, ಅದರಲ್ಲಿನ ಒಂದೊಂದು ವಾರ್ತೆಯೂ ಕಾರ್ಯಾಲಯಕ್ಕೆ ಎಂದು, ಹೇಗೆ, ಯಾರ ಮೂಲಕ ಬಂದಿರಬಹುದೆಂದು ವಿಚಾರಿಸುತ್ತ ಹೋದರೆ, ಸಭೆ, ಸಮಾರಂಭ, ಜಾತ್ರೆ, ಪಂದ್ಯ, ಪುಸ್ತಕದ ಬಿಡುಗಡೆ, ಮಂತ್ರಿಗಳ ಪ್ರವಾಸ, ಮುಷ್ಕರ, ಮೆರವಣಿಗೆ ಮೊದಲಾದ ಎಷ್ಟೋ ವಿಷಯಗಳು ನಡೆಯುವುದಕ್ಕೆ ಮುನ್ನವೇ ಸಂಪಾದಕನ ಮೇಜನ್ನು ಸೇರಿದ್ದವೆಂಬುದು ಗೋಚರವಾಗುತ್ತದೆ. ಹೀಗೆ ಮುಂದಾಗಿ ತಿಳಿಸುವ ಪದ್ಧತಿಗೆ ತನ್ನದೇ ಆದ ಒಂದು ಚರಿತ್ರೆಯಿದೆ. ಅದು ಅಚ್ಚುಮನೆಯ ಇಕ್ಕಟ್ಟಿನಲ್ಲಿ ಹುಟ್ಟಿ, ಅಂಚೆಯ ದಾರಿಯಲ್ಲಿ ನಡೆಯಲು ಕಲಿತು, ಆಟ ತೋರಿಸುವವರ ಕೈಯಲ್ಲಿ ಚಮತ್ಕಾರವಾಗಿ, ಒಬ್ಬ ಮಹಾತ್ಮನ ಕೈಯಲ್ಲಿ ವ್ರತವಾಗಿ, ಸರಕಾರಗಳ ಕೈಯಲ್ಲಿ ಕಟ್ಟಳೆಯಾಗಿ ನಮ್ಮ ಕಾಲಕ್ಕೆ ಇಳಿದು ಬಂದಿದೆ.

ಮುದ್ರಣವಿಲ್ಲದ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಈ ವಿಷಯದಲ್ಲಿ ಗೊಂದಲವೇ ಇರಲಿಲ್ಲ. ನಾಳೆ ಊರಬಾಗಿಲಲ್ಲಿ ಪಂಚಾಯಿತಿ ಸೇರತಕ್ಕದ್ದು, ನಾಡಿದ್ದು ಕೆರೆಯ ತೂಬು ಎತ್ತತಕ್ಕದ್ದು, ಬರುವ ಮಂಗಳವಾರ ಅಮ್ಮನ ಜಾತ್ರೆ ನಡೆಯತಕ್ಕದ್ದು, ಎಂದು ಡಂಗುರದವನು ತಮಟೆ ಬಾರಿಸಿ ಕೇರಿಕೇರಿಯಲ್ಲಿ ಸಾರುತ್ತಿದ್ದನೇ ಹೊರತು, ಜಾತ್ರೆ ಚೆನ್ನಾಗಿ ನಡೆಯಿತೆಂದು ಸಾರಲು ಯಾರೂ ಅವನನ್ನು ಕರೆಯುತ್ತಿರಲಿಲ್ಲ. ನಡೆದುದನ್ನು ಜನರೇ ಕಂಡಿರುತ್ತಿದ್ದರು. ನಡೆಯಬೇಕಾದುದನ್ನು ತಿಳಿಸುವುದೇ ಸಾರ್ವಜನಿಕ ವಾರ್ತೆಯ ಮೊದಲ ಪ್ರಯೋಜನವಾಗಿತ್ತು. ಪತ್ರಿಕೆ ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. ಸುದ್ದಿ ದೂರದವರೆಗೆ ಹೋಗುವಂತಾಯಿತು, ಆದರೆ ನಿಧಾನವಾಗಿ ಹೋಗುವಂತಾಯಿತು. ಹೇಳುವವನಿಗೂ ಕೇಳುವವನಿಗೂ ನಡುವೆ ಅಚ್ಚಿನ ಯಂತ್ರವೊಂದು ಬಂದು ನಿಂತು, ತನ್ನ ಪಾಲಿನ ಕಾಲವನ್ನು ಸುಂಕದಂತೆ ಕೇಳತೊಡಗಿತು.

ಕನ್ನಡದ ಮೊದಲ ಪತ್ರಿಕೆಯಲ್ಲಿಯೇ ಈ ಸುಂಕದ ಪ್ರಮಾಣವನ್ನು ಕಾಣಬಹುದು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ವು ಪಾಕ್ಷಿಕವಾಗಿತ್ತು; ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಕಲ್ಲಿನ ಮೇಲೆ ಬರೆಹ ಒಮ್ಮೆ ಇಳಿದ ಬಳಿಕ ನಡುವೆ ಇನ್ನೊಂದು ಸಾಲನ್ನು ತುರುಕುವುದು ಸುಲಭಸಾಧ್ಯವಲ್ಲ. ಈ ಸಂಚಿಕೆ ತಪ್ಪಿದ ಸುದ್ದಿ ಹದಿನೈದು ದಿನ ಕಾಯಬೇಕು. ಆ ಹದಿನೈದು ದಿನಗಳಲ್ಲಿ ನಡೆಯಲಿರುವ ಒಂದು ಸಭೆಯ ಸಮಾಚಾರ ಓದುಗನಿಗೆ ಮೊದಲೇ ದೊರೆಯಬೇಕಾದರೆ, ಅದು ಹಿಂದಿನ ಸಂಚಿಕೆ ಸಿದ್ಧವಾಗುವುದಕ್ಕೂ ಮುಂಚೆ ಸಂಪಾದಕನಿಗೆ ತಲಪಿರಬೇಕು; ಎಂದರೆ ಸಭೆ ಸೇರಿಸುವವನು ಸುಮಾರು ಮೂರು ವಾರ ಮೊದಲೇ ತನ್ನ ಸಂಕಲ್ಪವನ್ನು ಸ್ಥಿರಪಡಿಸಿಕೊಂಡಿರಬೇಕು. ಆ ಪತ್ರಿಕೆ ಮರುವರ್ಷ ಬಳ್ಳಾರಿಗೆ ಸಾಗಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆದು, ಹೆಚ್ಚು ಕಾಲ ಬಾಳದೆ ನಿಂತುಹೋಯಿತು. ಆದರೆ ಪತ್ರಿಕೆಗೆ ಒಂದು ಕಾಲನಿಯಮವುಂಟು, ಆ ನಿಯಮಕ್ಕೆ ಲೋಕವೇ ಹೊಂದಿಕೊಳ್ಳಬೇಕು ಎಂಬ ಪಾಠ ಮಾತ್ರ ಕನ್ನಡ ನಾಡಿನಲ್ಲಿ ಅಂದೇ ಆರಂಭವಾಯಿತು.

ಮೊಳೆಯಚ್ಚು ಬಂದ ಮೇಲೆ ಈ ಪಾಠ ಸುಲಭವಾಯಿತೆಂದು ತಿಳಿಯಬಾರದು. ಇಂಗ್ಲಿಷಿನ ಕಂಪಾಜಿಟರಿಗೆ ದೊಡ್ಡಕ್ಷರ ಸಣ್ಣಕ್ಷರಗಳೆರಡೂ ಸೇರಿ ಎಣಿಕೆಗೆ ಸಿಕ್ಕುವಷ್ಟು ಮೊಳೆಗಳು; ಕನ್ನಡದವನಿಗಾದರೋ ಕಾಗುಣಿತದ ಒಂದೊಂದು ರೂಪಕ್ಕೂ ಒಂದೊಂದು, ಒತ್ತಕ್ಷರಗಳಿಗೆ ಬೇರೆ, ಅರ್ಕಾವತ್ತಿಗೆ ಬೇರೆ ಎಂದು ನೂರಾರು ಮೊಳೆಗಳ ಗೂಡುಗಳು. ‘ಸ್ವಾತಂತ್ರ್ಯ’ವೆಂಬ ಒಂದು ಮಾತನ್ನು ಜೋಡಿಸಲು ಅವನ ಬಲಗೈ ಎಷ್ಟು ಗೂಡುಗಳಿಗೆ ಹೋಗಿ ಬರಬೇಕೆಂಬುದನ್ನು ಆ ಮಾತನ್ನು ವೇದಿಕೆಯ ಮೇಲೆ ಸಲೀಸಾಗಿ ನುಡಿಯುವವರು ಆಲೋಚಿಸಿದವರಲ್ಲ. ಎಡಗೈಯ ಸ್ಟಿಕ್ಕಿನಲ್ಲಿ ಸಾಲು ತುಂಬಿ, ಸಾಲುಗಳು ಗ್ಯಾಲಿಗೆ ಇಳಿದು, ಕರಡಚ್ಚು ತೆಗೆದು, ತಪ್ಪು ತಿದ್ದಿ, ಪುಟಕ್ಕೆ ದಾರ ಸುತ್ತಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಏರಿಸಿದರೂ ಕೆಲಸ ಮುಗಿಯಲಿಲ್ಲ. ಸಣ್ಣ ಅಚ್ಚುಕೂಟಗಳಲ್ಲಿ ಮೊಳೆಗಳು ಕೆಲವೇ ಪುಟಗಳಿಗೆ ಸಾಲುವಷ್ಟಿದ್ದುದರಿಂದ, ಒಂದು ಪುಟ ಅಚ್ಚಾಗಿ ಅದರ ಮೊಳೆಗಳನ್ನು ಬಿಚ್ಚಿ ಮರಳಿ ಗೂಡುಗಳಿಗೆ ಹಾಕುವವರೆಗೂ ಮುಂದಿನ ಪುಟದ ಜೋಡಣೆಗೆ ತೊಡಗುವಂತಿರಲಿಲ್ಲ. ಇಂಥ ಕಡೆ ಸಂಜೆಯ ಹೊತ್ತಿಗೆ ಬಂದು, ನಾಳೆ ಬೆಳಗಿನ ನಮ್ಮ ಸಮಾರಂಭದ ವಿಷಯ ನಾಳೆಯ ಪತ್ರಿಕೆಯಲ್ಲಿಯೇ ಬರಲಿ ಎಂದು ಬೇಡುವ ಕಾರ್ಯದರ್ಶಿಗೆ ಸಂಪಾದಕನು ಏನು ತಾನೇ ಹೇಳಿಯಾನು! ಅವನ ಮುಖದಲ್ಲಿ ಕಂಡ ನಿಷ್ಠುರತೆ ಸ್ವಭಾವದೋಷವಾಗಿರದೆ ಬಹುಮಟ್ಟಿಗೆ ಸೀಸದ ಮೊಳೆಗಳ ನಿಷ್ಠುರತೆಯಾಗಿತ್ತು.

ಅಚ್ಚುಮನೆಯ ಕಾಲಕ್ಕೆ ಅಂಚೆಯ ಕಾಲವೂ ಸೇರಿಕೊಂಡಿತು. ರಾಜಧಾನಿಯ ದಿನಪತ್ರಿಕೆ ದೂರದ ತಾಲ್ಲೂಕನ್ನು ಬೆಳಿಗ್ಗೆ ಮುಟ್ಟಬೇಕಾದರೆ ಹಿಂದಿನ ದಿನ ಸಂಜೆಗೇ ಆ ಊರಿನ ಆವೃತ್ತಿ ಅಚ್ಚಾಗಿ ರೈಲನ್ನೋ ಬಸ್ಸನ್ನೋ ಏರಬೇಕು. ಅಲ್ಲಿಂದ ಇಲ್ಲಿಗೆ ಬರತಕ್ಕ ಸುದ್ದಿಯೂ ಅದೇ ದಾರಿಯಲ್ಲಿ ಬರಬೇಕು. ತಂತಿಯ ಸೌಕರ್ಯವಿತ್ತು ನಿಜ. ಆದರೆ ಅದರ ಲಿಪಿ ಇಂಗ್ಲಿಷು, ಅದರ ದರ ಪದಗಳ ಎಣಿಕೆಯ ಮೇಲೆ. ಆದುದರಿಂದ ಊರಿನ ಬಾತ್ಮೀದಾರನು ತನ್ನ ಬರೆಹವನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು, ಅವಸರವಾದರೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕವರು ಕೊಟ್ಟು ಕಳುಹುವುದು, ಇದೇ ನಡೆದುಬಂದ ದಾರಿ. ಆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಒಂದು ಊರಿನ ಒಂದು ದಿನದ ಚರಿತ್ರೆಯೇ ತಡವಾಗುತ್ತಿತ್ತು. ವ್ಯವಹಾರ ಬಲ್ಲ ಸಂಘಸಂಸ್ಥೆಗಳವರು ಇದನ್ನರಿತು, ‘ಪ್ರಕಟಣೆಯ ಕೃಪೆಗಾಗಿ’ ಎಂದು ತಲೆಯಲ್ಲಿ ಬರೆದ ಹಾಳೆಯೊಂದನ್ನು, ದಿನ, ವೇಳೆ, ಸ್ಥಳ, ಅಧ್ಯಕ್ಷರ ಹೆಸರು, ಭಾಷಣಕಾರರ ಹೆಸರು ಇವೆಲ್ಲವೂ ಸ್ಪಷ್ಟವಾಗಿರುವಂತೆ, ಒಂದು ವಾರಕ್ಕೂ ಮೊದಲೇ ಕಳುಹಿಸಿಕೊಡುವ ರೂಢಿಯನ್ನು ಮಾಡಿಕೊಂಡರು.

ಹಾಳೆಯೊಂದನ್ನು ಮೊದಲೇ ಕಳುಹುವುದರಿಂದ ಭಾಷಣವನ್ನೇ ಮೊದಲು ಕಳುಹುವುದಕ್ಕೆ ದೂರ ಬಹಳವಿಲ್ಲ. ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ನವೆಂಬರ್ 19ರಂದು, ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಮಡಿದವರ ಸಮಾಧಿಸ್ಥಳವನ್ನು ಸಮರ್ಪಿಸುವ ಸಮಾರಂಭ ನಡೆದಾಗ, ಮುಖ್ಯ ಭಾಷಣಕಾರರಾಗಿದ್ದ ಎಡ್ವರ್ಡ್ ಎವೆರೆಟ್ಟರು ತಮ್ಮ ಭಾಷಣವನ್ನು ಮುಂಚಿತವಾಗಿಯೇ ಅಚ್ಚು ಮಾಡಿಸಿಟ್ಟಿದ್ದರು. ಎರಡು ಗಂಟೆಯ ಆ ವಾಗ್ವೈಖರಿ ಪತ್ರಿಕೆಗಳಲ್ಲಿ ಅಕ್ಷರಶಃ ಬರಲು ಯಾವ ಅಡ್ಡಿಯೂ ಇರಲಿಲ್ಲ. ಅವರ ಬಳಿಕ ಎದ್ದು ನಿಂತು ಎರಡು ಮೂರು ನಿಮಿಷಗಳಲ್ಲಿ ಮಾತು ಮುಗಿಸಿದ ಅಧ್ಯಕ್ಷ ಲಿಂಕನ್ನರ ನುಡಿಗಳನ್ನು ವರದಿಗಾರರು ಕಿವಿಯಿಂದ ಹಿಡಿಯಬೇಕಾಗಿ ಬಂದುದರಿಂದ, ಮರುದಿನದ ಪತ್ರಿಕೆಗಳಲ್ಲಿ ಅವು ಸ್ವಲ್ಪ ಸ್ವಲ್ಪ ಭಿನ್ನವಾದ ಪಾಠಗಳಲ್ಲಿ ಅಚ್ಚಾದವು. ಕಾಲಪುರುಷನು ಮಾತ್ರ ಅಚ್ಚುಕಟ್ಟಾಗಿ ಬಂದ ಭಾಷಣವನ್ನು ಮರೆತು ತೊಡಕಾಗಿ ಬಂದ ಭಾಷಣವನ್ನು ಉಳಿಸಿಕೊಂಡನು. ಮುಂಗಡ ಪ್ರತಿಯಿಂದ ಪತ್ರಿಕೆಯಲ್ಲಿ ಸ್ಥಳ ದೊರೆಯುತ್ತದೆ. ಜನರ ನೆನಪಿನಲ್ಲಿ ಸ್ಥಳ ದೊರೆಯುವುದು ಬೇರೆ ಕಾರಣಗಳಿಂದ. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿಯೂ ಅಧ್ಯಕ್ಷಭಾಷಣವನ್ನು ಮೊದಲೇ ಪುಸ್ತಿಕೆಯಾಗಿ ಅಚ್ಚು ಹಾಕಿಸುವ ಸಂಪ್ರದಾಯವುಂಟು. ಅಧ್ಯಕ್ಷರು ಉತ್ಸಾಹದಿಂದ ಅಚ್ಚಿನ ಮಾತನ್ನು ಬಿಟ್ಟು ಬೇರೆ ಮಾತನಾಡತೊಡಗಿದರೆ ಪೇಚಿಗೆ ಸಿಕ್ಕುವವನು ವರದಿಗಾರ. ಇಂಥ ಪ್ರಸಂಗಗಳಿಗಾಗಿಯೇ ಸರಕಾರದ ವಾರ್ತಾ ಇಲಾಖೆಗಳು ಮುಂಗಡ ಪ್ರತಿಯ ಮೇಲೆ, ಆಡಿದ ಮಾತಿನೊಡನೆ ಹೋಲಿಸಿ ನೋಡತಕ್ಕದ್ದು ಎಂಬ ಎಚ್ಚರಿಕೆಯನ್ನು ಬರೆಯುವುದನ್ನು ಕಲಿತವು.

ಆದರೆ ಮುಂಗಡ ವಾರ್ತೆಯನ್ನು ಒಂದು ಕಲೆಯಾಗಿ ಬೆಳೆಸಿದವರು ಪಂಡಿತರೂ ಅಲ್ಲ, ರಾಜಕಾರಣಿಗಳೂ ಅಲ್ಲ. ದುಡ್ಡು ತೆಗೆದುಕೊಂಡು ಆಟ ತೋರಿಸುವ ಜನ. ಅವರ ಪೈಕಿ ಅಗ್ರಗಣ್ಯನು ಅಮೆರಿಕದ ಪಿ. ಟಿ. ಬಾರ್ನಮ್. ಯೂರೋಪಿನಲ್ಲಿ ಕೀರ್ತಿಶಿಖರವನ್ನೇರಿದ್ದ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡಳನ್ನು ಕರೆಸಲು ಅವನು 1850ರ ಆರಂಭದಲ್ಲಿ ಒಪ್ಪಂದ ಮಾಡಿಕೊಂಡನು. ಆ ಸಮಯದಲ್ಲಿ ರೈಲಿನಲ್ಲಿ ಪ್ರಯಾಣ ಮಾಡುತ್ತ, ಪರಿಚಿತನಾದ ಕಂಡಕ್ಟರನೊಡನೆ ಈ ವಿಷಯವನ್ನು ಪ್ರಸ್ತಾಪಿಸಲು, ಆಕೆ ನರ್ತಕಿಯೇ ಎಂದು ಅವನು ಕೇಳಿದನಂತೆ. ಆ ಒಂದು ಪ್ರಶ್ನೆಯಿಂದ ಬಾರ್ನಮನ ಎದೆ ತಣ್ಣಗಾಯಿತೆಂದು ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಕೈಯಲ್ಲಿದ್ದ ಆರೇಳು ತಿಂಗಳ ಅವಧಿಯನ್ನು ಅವನು ವ್ಯರ್ಥ ಮಾಡಲಿಲ್ಲ. ಆಕೆಯ ಬಾಲ್ಯ, ಆಕೆಯ ಕಂಠ, ಆಕೆಯ ದಾನಧರ್ಮ, ಇವುಗಳನ್ನು ಕುರಿತ ಬರೆಹಗಳು ಒಂದರ ಬೆನ್ನಿಗೊಂದರಂತೆ ಪತ್ರಿಕೆಗಳಿಗೆ ಹೋದವು. ಸೆಪ್ಟೆಂಬರ್ 1ರಂದು ಆಕೆಯ ಹಡಗು ನ್ಯೂಯಾರ್ಕಿಗೆ ಬಂದಾಗ ಬಂದರಿನಲ್ಲಿ ಸೇರಿದ್ದ ಜನ ಹತ್ತಾರು ಸಾವಿರ. ಮೊದಲ ಕಚೇರಿಯ ಟಿಕೆಟ್ಟುಗಳು ಹರಾಜಿನಲ್ಲಿ ಮಾರಾಟವಾಗಿ, ಮೊದಲನೆಯದನ್ನು ಟೋಪಿ ವ್ಯಾಪಾರಿಯೊಬ್ಬನು 225 ಡಾಲರುಗಳಿಗೆ ಕೊಂಡನು. ಆಕೆಯ ಹಾಡನ್ನು ಆ ದೇಶದಲ್ಲಿ ಇನ್ನೂ ಯಾರೂ ಕೇಳಿರಲಿಲ್ಲ. ಕೇಳಬೇಕೆಂಬ ಹಂಬಲವನ್ನು ಮಾತ್ರ ಪತ್ರಿಕೆಗಳು ಆರು ತಿಂಗಳಿಂದ ಬೆಳೆಸುತ್ತ ಬಂದಿದ್ದವು.

ಈ ವಿದ್ಯೆ ನಮ್ಮ ನಾಟಕದ ಕಂಪನಿಗಳಿಗೂ ಬಾರದಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ಊರಿಂದೂರಿಗೆ ಸಂಚರಿಸುತ್ತ, ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದ ‘ಕುರುಕ್ಷೇತ್ರ’ದಂಥ ಪ್ರಯೋಗಗಳಿಂದ ನಾಡನ್ನೆಲ್ಲ ಬೆರಗುಗೊಳಿಸಿತು. ಇಂಥ ಕಂಪನಿಗಳ ಜನ ಬರುವುದಕ್ಕೆ ಮುಂಚೆ ಅವುಗಳ ಸುದ್ದಿ ಬರುತ್ತಿತ್ತು. ಗೋಡೆಗೆ ಭಿತ್ತಿಪತ್ರ, ಬೀದಿಯಲ್ಲಿ ಬ್ಯಾಂಡಿನೊಡನೆ ಹೋಗುವ ಜಟಕಾದಿಂದ ಬಣ್ಣಬಣ್ಣದ ಕರಪತ್ರ, ಸ್ಥಳೀಯ ಪತ್ರಿಕೆಗೆ ಒಂದು ಪ್ರಕಟಣೆ, ಸಂಪಾದಕನಿಗೆ ಮುಂದಿನ ಸಾಲಿನ ಪಾಸು. ಈ ಕೊನೆಯ ವಸ್ತುವಿನಲ್ಲಿಯೇ ಮುಂಗಡ ವಾರ್ತೆಯ ಮುಂದಿನ ಕೇಡಿನ ಬೀಜವೂ ಇತ್ತೆಂಬುದನ್ನು ಮರೆಯಲಾಗದು.

ಹೀಗೆ ಅನುಕೂಲಕ್ಕಾಗಿ ಹುಟ್ಟಿ ವ್ಯಾಪಾರಕ್ಕಾಗಿ ಬೆಳೆದ ಈ ಪದ್ಧತಿಗೆ ನೈತಿಕವಾದ ಔನ್ನತ್ಯವನ್ನು ತಂದುಕೊಟ್ಟವರು ಗಾಂಧೀಜಿ. ಅವರು ಪತ್ರಿಕೆಯ ಕೆಲಸವನ್ನು ಒಳಗಿನಿಂದ ಬಲ್ಲವರು. ದಕ್ಷಿಣ ಆಫ್ರಿಕದಲ್ಲಿ 1903ರಲ್ಲಿ ಆರಂಭವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯನ್ನು ನಡೆಯಿಸಿ, ಫೀನಿಕ್ಸ್ ಆಶ್ರಮದಲ್ಲಿ ಅಚ್ಚಿನ ಯಂತ್ರದ ಬಳಿಯೇ ವಾಸಿಸಿ, ಬಳಿಕ ‘ಯಂಗ್ ಇಂಡಿಯಾ’, ‘ನವಜೀವನ’ಗಳ ಮೂಲಕ ವಾರವಾರವೂ ದೇಶದೊಡನೆ ಮಾತನಾಡಿದವರು. 1930ರ ಮಾರ್ಚ್ 2ರಂದು ಅವರು ವೈಸರಾಯ್ ಅರ್ವಿನ್ ಪ್ರಭುವಿಗೆ ಬರೆದ ಪತ್ರದಲ್ಲಿ, ತಾವು ಉಪ್ಪಿನ ಕಾನೂನನ್ನು ಮುರಿಯುವವರಿರುವುದನ್ನೂ, ಅದಕ್ಕೆ ಹೊರಡುವ ದಿನವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಎದುರಾಳಿಗೆ ಹತ್ತು ದಿನ ಮೊದಲೇ ತನ್ನ ಸನ್ನಾಹವನ್ನೆಲ್ಲ ಬಿಚ್ಚಿ ಹೇಳುವ ಸೇನಾಪತಿಯನ್ನು ಯುದ್ಧಶಾಸ್ತ್ರ ಎಲ್ಲಿಯೂ ಕಂಡಿರಲಿಲ್ಲ. ವೈಸರಾಯರ ಕಾರ್ಯದರ್ಶಿಯಿಂದ ಬಂದುದು ಸಂಕ್ಷಿಪ್ತವಾದ ಒಂದು ಉತ್ತರ. ಆ ಉತ್ತರವೂ ಮುಚ್ಚಿಟ್ಟ ಪತ್ರವಾಗಿ ಉಳಿಯದೆ ದೇಶದ ಮಾತಾಯಿತು.

ಮಾರ್ಚ್ 12ರಂದು ಸಾಬರ್ಮತಿಯಿಂದ ಹೊರಟ ಆ ಪಯಣವನ್ನು, ವಾರ್ತೆಯ ಕಾಲಗಣನೆಯನ್ನು ಬಲ್ಲವರು ನೋಡಿದರೆ, ಅದರ ರಚನೆಯಲ್ಲಿ ಅಸಾಧಾರಣವಾದ ವಿವೇಕವನ್ನು ಕಾಣುತ್ತಾರೆ. ಸಮುದ್ರತೀರಕ್ಕೆ ಒಂದೇ ದಿನದಲ್ಲಿ ರೈಲಿನಲ್ಲಿ ಹೋಗಿ ಉಪ್ಪನ್ನೆತ್ತಿದ್ದರೆ ಅದು ಒಂದು ದಿನದ ಸುದ್ದಿಯಾಗುತ್ತಿತ್ತು. ಸುಮಾರು 240 ಮೈಲಿಗಳನ್ನು 24 ದಿನಗಳಲ್ಲಿ ಕಾಲ್ನಡಿಗೆಯಿಂದ ಕ್ರಮಿಸುವುದೆಂದೂ, ಇಂಥ ದಿನ ಇಂಥ ಹಳ್ಳಿಯಲ್ಲಿ ತಂಗುವುದೆಂದೂ ಮೊದಲೇ ಗೊತ್ತುಪಡಿಸಿದುದರಿಂದ, ಹಳ್ಳಿಯವರಿಗೆ ಅಂಗಳ ಗುಡಿಸಿಕೊಂಡು ಕಾದಿರಲು ಅವಕಾಶವಾಯಿತು. ಊರ ಅಧಿಕಾರಿಗಳಿಗೆ ಮನಸ್ಸು ಮಾಡಿ ರಾಜೀನಾಮೆ ಕೊಡಲು ಅವಕಾಶವಾಯಿತು. ಸಮುದ್ರದಾಚೆಯ ಪತ್ರಿಕೆಗಳಿಗೂ ತಮ್ಮ ಪ್ರತಿನಿಧಿಗಳನ್ನು ದಾರಿಯಲ್ಲಿ ಎಲ್ಲಿಯಾದರೂ ಬಂದು ಕೂಡಿಕೊಳ್ಳುವಂತೆ ಕಳುಹಲು ಅವಕಾಶವಾಯಿತು. ಪಯಣಿಗರ ಹೆಸರುಗಳನ್ನು ‘ಯಂಗ್ ಇಂಡಿಯಾ’ ಹೊರಟ ದಿನವೇ ಪ್ರಕಟಿಸಿತು. ಆ ತಂಡದಲ್ಲಿ ನಮ್ಮ ನಾಡಿನವರಾದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರೆಂಬುದು ಕನ್ನಡಿಗರು ಹೆಮ್ಮೆಯಿಂದ ಸ್ಮರಿಸತಕ್ಕ ಸಂಗತಿ. ಏಪ್ರಿಲ್ 5ರಂದು ದಂಡಿಯನ್ನು ಸೇರಿ, 6ರ ಬೆಳಿಗ್ಗೆ ಉಪ್ಪನ್ನೆತ್ತಿದುದೂ ಯದೃಚ್ಛೆಯಿಂದಲ್ಲ. 1919ರ ಹರತಾಳದ ನೆನಪಿಗಾಗಿ ಆಚರಿಸುತ್ತಿದ್ದ ರಾಷ್ಟ್ರೀಯ ಸಪ್ತಾಹದ ಮೊದಲ ದಿನ ಅದು. ಸಪ್ತಾಹದ ಕೊನೆಯ ದಿನ, ಜಲಿಯನ್‌ವಾಲಾ ಬಾಗಿನ ಸ್ಮರಣೆಯ ಏಪ್ರಿಲ್ 13ರಂದು, ಉತ್ತರ ಕನ್ನಡದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ದಿನ ಮೊದಲೇ ಎಲ್ಲರಿಗೂ ತಿಳಿದಿದ್ದುದರಿಂದಲೇ ಅಷ್ಟು ದೂರದ ಕಡಲತೀರಗಳು ಒಂದೇ ವಾರದಲ್ಲಿ ಒಂದೇ ಮಾತನ್ನು ಆಡಿದವು.

ಈ ಕ್ರಮದ ಫಲ ಅದೇ ವರ್ಷದ ಮೇ 21ರಂದು ಧಾರಾಸನದಲ್ಲಿ ಪರೀಕ್ಷೆಗೆ ಬಂದಿತು. ಅಲ್ಲಿನ ಉಪ್ಪಿನ ಕೋಠಿಯ ಮೇಲೆ ಹೋಗುವ ಸಂಕಲ್ಪವನ್ನು ಕೂಡ ಗಾಂಧೀಜಿ ಮುಂಚಿತವಾಗಿಯೇ ಪ್ರಕಟಿಸಿದ್ದರು. ಮೇ ಮೊದಲ ವಾರದಲ್ಲಿ ಅವರ ದಸ್ತಗಿರಿಯಾದರೂ ಸಂಕಲ್ಪ ನಿಲ್ಲಲಿಲ್ಲ. ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸತ್ಯಾಗ್ರಹಿಗಳು ಸಾಲುಸಾಲಾಗಿ ಮುಂದೆ ನಡೆದು, ಕೈಯೆತ್ತದೆ ಲಾಠಿಯ ಏಟು ತಿಂದು ಬಿದ್ದುದನ್ನು, ರೈಲಿನಿಂದಿಳಿದು ಬಿಸಿಲಲ್ಲಿ ನಡೆದು ಬಂದಿದ್ದ ಅಮೆರಿಕದ ಯುನೈಟೆಡ್ ಪ್ರೆಸ್ಸಿನ ವೆಬ್ ಮಿಲ್ಲರ್ ಕಣ್ಣಾರೆ ಕಂಡು ಬರೆದನು. ಅವನ ತಂತಿಯನ್ನು ತಡೆಯುವ ಯತ್ನ ನಡೆದರೂ, ವರದಿ ಹೊರಗೆ ಹೋಗಿ ಲೋಕದ ಸಾವಿರಕ್ಕೂ ಮಿಕ್ಕ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಮೆರಿಕದ ಸೆನೆಟ್ಟಿನಲ್ಲಿಯೂ ಅದನ್ನು ಓದಲಾಯಿತು. ಆ ದಿನ ಆ ಬಯಲಿನಲ್ಲಿ ಹೊರಗಿನವನೊಬ್ಬನು ನಿಂತಿರದಿದ್ದರೆ ಸರಕಾರದ ಹೇಳಿಕೆಯೊಂದೇ ಚರಿತ್ರೆಯಾಗಿ ಉಳಿಯುತ್ತಿತ್ತು. ಬಾರ್ನಮನು ಮುಂದಾಗಿ ತಿಳಿಸಿದುದು ಪ್ರೇಕ್ಷಕರನ್ನು ಕೂಡಿಸುವುದಕ್ಕಾಗಿ. ಗಾಂಧೀಜಿ ಮುಂದಾಗಿ ತಿಳಿಸಿದುದು ಸಾಕ್ಷಿಯನ್ನು ಕರೆಯುವುದಕ್ಕಾಗಿ, ಮತ್ತು ಆ ಸಾಕ್ಷಿಯ ಮುಂದೆ ತಮ್ಮನ್ನೂ ತಮ್ಮವರನ್ನೂ ಕಟ್ಟಿಹಾಕಿಕೊಳ್ಳುವುದಕ್ಕಾಗಿ. ಹೇಳಿದ ದಿನ ಹೊರಡಲೇಬೇಕು, ಹೇಳಿದ ರೀತಿಯಲ್ಲಿಯೇ ನಡೆಯಬೇಕು, ನೋಡುವವರು ಬಂದಿದ್ದಾರೆ. ಮುಂಗಡ ವಾರ್ತೆಯ ಅತ್ಯುತ್ತಮವಾದ ಅರ್ಥ ಇದೇ ಎಂದು ನನ್ನ ಅಭಿಪ್ರಾಯ.

ಸರಕಾರಗಳ ಕೈಗೆ ಬಂದಾಗ ಇದೇ ಪದ್ಧತಿ ವಿಚಿತ್ರವಾದ ಒಂದು ತಿರುವನ್ನು ಪಡೆಯಿತು. ವಿಷಯವನ್ನು ಪತ್ರಕರ್ತನಿಗೆ ಈಗಲೇ ತಿಳಿಸುವುದು, ಆದರೆ ಗೊತ್ತಾದ ಗಳಿಗೆಯವರೆಗೆ ಅದನ್ನು ಅಚ್ಚು ಮಾಡದಂತೆ ಮಾತು ತೆಗೆದುಕೊಳ್ಳುವುದು. ಬಾಯಿ ಕಟ್ಟಿ ಕಿವಿ ತೆರೆಯುವ ಈ ಏರ್ಪಾಡಿಗೆ ಒಳ್ಳೆಯ ಸಮರ್ಥನೆಯಿದೆ. ಕ್ಲಿಷ್ಟವಾದ ವರದಿಯನ್ನು ಓದಿ, ತಿಳಿದವರನ್ನು ಕೇಳಿ, ತಪ್ಪಿಲ್ಲದೆ ಬರೆಯಲು ಕಾಲ ಸಿಕ್ಕುತ್ತದೆ. ದೊಡ್ಡ ಪತ್ರಿಕೆಗೂ ಸಣ್ಣ ಪತ್ರಿಕೆಗೂ ಒಂದೇ ನ್ಯಾಯ ದೊರೆಯುತ್ತದೆ. ಆದರೆ ಆ ಮಾತು ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯೂ ಅದರೊಡನೆ ಹುಟ್ಟುತ್ತದೆ. 1945ರ ಮೇ 7ರಂದು ಫ್ರಾನ್ಸಿನ ರೀಮ್ಸ್ ನಗರದಲ್ಲಿ ಜರ್ಮನಿ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದುದನ್ನು ಕಂಡ ಪತ್ರಕರ್ತರಿಗೆ, ಮಿತ್ರರಾಷ್ಟ್ರಗಳ ರಾಜಕೀಯ ಸೌಕರ್ಯಕ್ಕಾಗಿ, ಸುದ್ದಿಯನ್ನು ಮರುದಿನದವರೆಗೆ ತಡೆಹಿಡಿಯುವಂತೆ ಆಜ್ಞೆಯಾಯಿತು. ಜರ್ಮನ್ ರೇಡಿಯೋ ಆಗಲೇ ಶರಣಾಗತಿಯನ್ನು ಸಾರಿದುದನ್ನು ಕೇಳಿ, ಇನ್ನು ಗುಟ್ಟಿಗೆ ಅರ್ಥವಿಲ್ಲವೆಂದು ಬಗೆದು ಸುದ್ದಿ ಕಳುಹಿದ ಅಸೋಸಿಯೇಟೆಡ್ ಪ್ರೆಸ್ಸಿನ ಎಡ್ವರ್ಡ್ ಕೆನಡಿ ಕೆಲಸ ಕಳೆದುಕೊಂಡನು. ಆ ಸಂಸ್ಥೆ ಅವನ ವಿಷಯದಲ್ಲಿ ತಾನು ನಡೆದುಕೊಂಡುದು ತಪ್ಪೆಂದು ಒಪ್ಪಿಕೊಂಡುದು 2012ರಲ್ಲಿ. ಅಷ್ಟು ಹೊತ್ತಿಗೆ ಅವನು ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ಇದಕ್ಕೆ ವಿಪರ್ಯಯವಾದ ಪ್ರಸಂಗ ಎರಡು ವರ್ಷಗಳ ಬಳಿಕ ಲಂಡನ್ನಿನಲ್ಲಿ ನಡೆಯಿತು. 1947ರ ನವೆಂಬರ್ 12ರಂದು ಬ್ರಿಟನ್ನಿನ ಹಣಕಾಸಿನ ಮಂತ್ರಿ ಹ್ಯೂ ಡಾಲ್ಟನ್, ಆಯವ್ಯಯ ಭಾಷಣಕ್ಕಾಗಿ ಪಾರ್ಲಿಮೆಂಟಿನ ಸಭಾಂಗಣಕ್ಕೆ ಹೋಗುತ್ತಿರುವಾಗ ದಾರಿಯಲ್ಲಿ ಸಿಕ್ಕಿದ ಪರಿಚಿತ ಪತ್ರಕರ್ತನೊಬ್ಬನಿಗೆ ಹೊಸ ತೆರಿಗೆಗಳ ಮುಖ್ಯಾಂಶಗಳನ್ನು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟನು. ‘ಸ್ಟಾರ್’ ಎಂಬ ಸಂಜೆಯ ಪತ್ರಿಕೆ, ಮಂತ್ರಿ ಆ ಮಾತುಗಳನ್ನು ಸಭೆಯಲ್ಲಿ ಆಡುವುದಕ್ಕೆ ಕೆಲವೇ ನಿಮಿಷ ಮುಂಚೆ, ಅವನ್ನು ಅಚ್ಚು ಮಾಡಿ ಬೀದಿಗೆ ತಂದಿತು. ಯಾರಿಗೂ ಲಾಭವಾಗಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ. ಆದರೂ ಡಾಲ್ಟನ್ ಮರುದಿನವೇ ತನ್ನ ಪದವಿಯನ್ನು ಬಿಟ್ಟನು. ಮುಂಚಿತವಾಗಿ ಹೇಳುವುದು ಎಲ್ಲಿ ಸೌಜನ್ಯ, ಎಲ್ಲಿ ಅಪರಾಧ ಎಂಬ ಗೆರೆ ಗಡಿಯಾರದ ಮುಳ್ಳಿನಷ್ಟೇ ತೆಳುವಾದುದೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ಬೇಕಿಲ್ಲ.

ಸರಕಾರಗಳು ಈ ಪದ್ಧತಿಯನ್ನು ಉದಾರವಾಗಿ ಬಳಸಿದ ಉದಾಹರಣೆಗಳೂ ಇವೆ. ಮನುಷ್ಯನನ್ನು ಚಂದ್ರನ ಮೇಲಿಳಿಸಿದ ಅಪೋಲೋ 11 ನೌಕೆ ಭೂಮಿಯನ್ನು ಬಿಟ್ಟುದು 1969ರ ಜುಲೈ 16ರಂದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಪತ್ರಿಕೆಗಳಿಗಾಗಿ ಸಿದ್ಧಪಡಿಸಿದ ಸುಮಾರು 250 ಪುಟಗಳ ಮಾಹಿತಿ ಗ್ರಂಥ ಬಿಡುಗಡೆಯಾದುದು ಜುಲೈ 6ರಂದು. ನೌಕೆ ಯಾವ ಗಳಿಗೆಯಲ್ಲಿ ಯಾವ ಕಕ್ಷೆಯಲ್ಲಿರುವುದು, ಯಾತ್ರಿಕರು ಎಂದು ಮಲಗುವರು, ಏನು ತಿನ್ನುವರು, ಚಂದ್ರನ ಮಣ್ಣನ್ನು ಯಾವ ಸಲಕರಣೆಯಿಂದ ಎತ್ತುವರು, ಎಲ್ಲವೂ ಅದರಲ್ಲಿತ್ತು. ಇಂಥದೊಂದು ಗ್ರಂಥ ಹತ್ತು ದಿನ ಮೊದಲೇ ಕೈಗೆ ಬಂದಿರದಿದ್ದರೆ, ರಾಕೆಟ್ಟಿನ ಶಾಸ್ತ್ರವನ್ನು ಕಂಡರಿಯದ ವರದಿಗಾರರು ಆ ಎಂಟು ದಿನಗಳ ಸಾಹಸವನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ಬರೆಯುವುದು ಸಾಧ್ಯವೇ ಆಗುತ್ತಿರಲಿಲ್ಲ.

ಕನ್ನಡದ ಪತ್ರಿಕೋದ್ಯಮದಲ್ಲಿ ಕಾಲವನ್ನು ಅತ್ಯಂತ ಮುಂದಕ್ಕೆ ಚಾಚಿದವು ವಿಶೇಷಾಂಕಗಳು. ದೀಪಾವಳಿಗೆಂದೇ ಒಂದು ದೊಡ್ಡ ಸಂಚಿಕೆಯನ್ನು ಹೊರತರುವ ಸಂಪ್ರದಾಯವನ್ನು ಮುಂಬಯಿಯಲ್ಲಿ ಕಾಶೀನಾಥ ರಘುನಾಥ ಮಿತ್ರರ ಮರಾಠಿ ‘ಮನೋರಂಜನ’ ಪತ್ರಿಕೆ 1909ರಲ್ಲಿ ಆರಂಭಿಸಿತು. ಕನ್ನಡದಲ್ಲಿಯೂ ದೀಪಾವಳಿ, ಯುಗಾದಿಗಳ ವಿಶೇಷಾಂಕಗಳು ಮನೆಮನೆಯ ಹಬ್ಬದ ಅಂಗವಾದವು. ಕಥೆಗಾರನು ಶ್ರಾವಣದ ಜಡಿಮಳೆಯಲ್ಲಿ ಕುಳಿತು ಕಾರ್ತಿಕದ ದೀಪಗಳನ್ನು ವರ್ಣಿಸಬೇಕು. ಚಿತ್ರಕಾರನು ಅದಕ್ಕೂ ಮುಂಚೆ ಮುಖಪುಟಕ್ಕೆ ಕುಂಚ ಹಿಡಿಯಬೇಕು. ಜಾಹೀರಾತಿನವನು ಹಬ್ಬದ ಸೀರೆಗಳು ಮಗ್ಗದಿಂದ ಇಳಿಯುವ ಮೊದಲೇ ಅವುಗಳ ಅಂದವನ್ನು ಹೊಗಳಬೇಕು. ದಿನಪತ್ರಿಕೆಗೆ ಒಂದು ವಾರವಾದರೆ ಮಾಸಪತ್ರಿಕೆಗೆ ಎರಡು ತಿಂಗಳು, ವಿಶೇಷಾಂಕಕ್ಕೆ ಮೂರು ನಾಲ್ಕು ತಿಂಗಳು ಎಂಬ ಅಲಿಖಿತ ಶಾಸನ ಬರೆಹಗಾರರಲ್ಲಿ ರೂಢವಾಯಿತು. ನವರಾತ್ರಿಯ ಬೊಂಬೆಗಳ ಮೇಲಿನ ಲೇಖನವನ್ನು ಮಹಾನವಮಿಯ ಹಿಂದಿನ ದಿನ ಕಳುಹಿ, ಅದು ಹಿಂದಿರುಗಿ ಬಂದಾಗ ಸಂಪಾದಕನಿಗೆ ಸಂಸ್ಕೃತಿಯ ಅಭಿಮಾನವಿಲ್ಲವೆಂದು ಕೋಪಿಸಿಕೊಂಡವರು ಬಹುಮಂದಿ. ಅದೇ ಲೇಖನ ಆಷಾಢದಲ್ಲಿ ಬಂದಿದ್ದರೆ ಸಂಪಾದಕನು ಅದಕ್ಕೊಂದು ಚಿತ್ರವನ್ನೂ ಹುಡುಕಿ ಹಾಕುತ್ತಿದ್ದನು.

ಈ ಚರಿತ್ರೆಯ ಕಪ್ಪುಭಾಗವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಕಾಲ ಕೊಡುವುದು ಪರಿಶೀಲನೆಗಾಗಿ; ಆದರೆ ಸೋಮಾರಿಯಾದ ಕಾರ್ಯಾಲಯದಲ್ಲಿ ಅದು ನಕಲಿಗೆ ಮಾತ್ರ ಸಾಲುತ್ತದೆ. ಸಭೆಗೆ ಹೋಗದೆಯೇ ಸಭೆಯ ವರದಿ, ಪುಸ್ತಕವನ್ನು ತೆರೆಯದೆಯೇ ಪುಸ್ತಕದ ಪ್ರಶಂಸೆ, ಕೊಟ್ಟ ಹಾಳೆಯಲ್ಲಿದ್ದ ವಿಶೇಷಣಗಳೆಲ್ಲ ಅಚ್ಚಿನಲ್ಲಿ ಹಾಗೆಹಾಗೆಯೇ. ಅಧ್ಯಕ್ಷರು ಬಾರದೆ ಸಭೆಯೇ ಮುಂದಕ್ಕೆ ಹೋಗಿದ್ದರೂ ಅವರ ಅಮೋಘ ಭಾಷಣದಿಂದ ಸಭಿಕರು ಪುಳಕಿತರಾದರೆಂದು ಮರುದಿನ ಓದಿದ ಅನುಭವ ನಮ್ಮ ಊರುಗಳಲ್ಲಿ ಅಪೂರ್ವವಲ್ಲ. ನಾಟಕದ ಕಂಪನಿಯ ಪಾಸಿನ ಜಾಗಕ್ಕೆ ಬೇರೆ ಬೇರೆ ಉಡುಗೊರೆಗಳು ಬಂದ ಮೇಲೆ, ಮುಂಗಡ ವಾರ್ತೆಯನ್ನು ಕಳುಹುವವನು ಬೇಡುವವನಾಗಿ ಉಳಿಯದೆ ಆಳುವವನಾದನು. ಆದರೆ ದೋಷವಿರುವುದು ಮುಂದಾಗಿ ತಿಳಿಸುವುದರಲ್ಲಿ ಅಲ್ಲ. ತಿಳಿಸಿದುದನ್ನೇ ತಿಳಿದುದೆಂದು ಭಾವಿಸುವುದರಲ್ಲಿ.

ಇಂದು ಮೊಳೆಗಳಿಲ್ಲ, ಕಲ್ಲಚ್ಚಿಲ್ಲ, ಬಸ್ಸಿನ ಕವರಿಲ್ಲ. ಕ್ಷಣಾರ್ಧದಲ್ಲಿ ಸುದ್ದಿ ಲೋಕವನ್ನು ಸುತ್ತುತ್ತದೆ. ಆದುದರಿಂದ ಮುಂಚಿತವಾಗಿ ತಿಳಿಸುವ ಅಗತ್ಯ ತೀರಿಹೋಯಿತೆಂದು ಕೆಲವರು ಭಾವಿಸಿದ್ದಾರೆ. ಇದು ಭ್ರಾಂತಿ. ಯಂತ್ರಕ್ಕೆ ಬೇಕಾಗಿದ್ದ ಕಾಲ ಕಡಿಮೆಯಾಯಿತೇ ಹೊರತು ಮನುಷ್ಯನಿಗೆ ಬೇಕಾದ ಕಾಲ ಕಡಿಮೆಯಾಗಿಲ್ಲ. ವರದಿಗಾರನು ವಿಷಯವನ್ನು ಓದಬೇಕು, ಸಂದೇಹವಿದ್ದುದನ್ನು ಕೇಳಬೇಕು, ಎದುರು ಪಕ್ಷದವನ ಮಾತನ್ನೂ ಆಲಿಸಬೇಕು, ಸ್ಥಳಕ್ಕೆ ಬಂದು ಕಣ್ಣಾರೆ ನೋಡಬೇಕು. ಇವುಗಳಲ್ಲಿ ಯಾವುದನ್ನೂ ವಿದ್ಯುತ್ತಿನ ವೇಗ ಅವನ ಪರವಾಗಿ ಮಾಡಿಕೊಡಲಾರದು. ತಡವಾಗಿ ಕಳುಹುವವನು ಅವನಿಂದ ಈ ಅವಕಾಶವನ್ನೆಲ್ಲ ಕಿತ್ತುಕೊಂಡು, ಬಳಿಕ ವರದಿಯಲ್ಲಿ ತಪ್ಪಿದೆಯೆಂದು ಆಕ್ಷೇಪಿಸುತ್ತಾನೆ.

ತಾಲ್ಲೂಕು ಊರುಗಳಲ್ಲಿ ಸಾಹಿತ್ಯ ಸಂಘವನ್ನೋ, ಗ್ರಂಥಾಲಯವನ್ನೋ, ರೈತರ ಸಂಘವನ್ನೋ ನಡೆಯಿಸುತ್ತಿರುವ ಕಾರ್ಯದರ್ಶಿ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಕಾರ್ಯಕ್ರಮದ ದಿನ ಗೊತ್ತಾದ ಮರುದಿನವೇ ಪತ್ರಿಕೆಗೆ ತಿಳಿಸಿರಿ. ವಿಶೇಷಣಗಳನ್ನು ಬಿಟ್ಟು ಸಂಗತಿಗಳನ್ನು ಬರೆಯಿರಿ; ಹೆಸರುಗಳನ್ನು ತಪ್ಪಿಲ್ಲದೆ ಬರೆಯಿರಿ; ಹೆಚ್ಚಿನ ವಿವರ ಯಾರಲ್ಲಿ ದೊರೆಯುವುದೆಂಬುದನ್ನು ಸೇರಿಸಿರಿ. ಪತ್ರಿಕೆಯವರು ಬಂದರೆ ಅವರಿಗೆ ಕುಳಿತು ಬರೆಯಲು ಸ್ಥಳವನ್ನು ಕೊಡಿರಿ, ಬೇರೇನನ್ನೂ ಕೊಡಬೇಡಿರಿ. ಅವರು ಬಾರದಿದ್ದರೆ, ಅಥವಾ ಬಂದು ನಿಮಗೆ ಹಿತವಲ್ಲದುದನ್ನು ಬರೆದರೆ, ಸಹಿಸಿಕೊಳ್ಳಿರಿ; ಮುಂದಾಗಿ ತಿಳಿಸುವುದು ನಿಮ್ಮ ಧರ್ಮ, ಏನನ್ನು ಅಚ್ಚು ಮಾಡಬೇಕೆಂದು ನಿರ್ಣಯಿಸುವುದು ಸಂಪಾದಕನ ಧರ್ಮ.